ಖೋ ಖೋ ಆಡಿ ಸಿಕ್ಕ ಕಾಲೇಜು

ಸಂಜಯನಗರದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ಹೆಚ್ಚಿನ ಸಂಪಾದನೆ ಬರುವುದು ಬೇರೆಯವರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವುದರಿಂದ. ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ಮಕ್ಕಳು, ಅವರ ಅಪ್ಪ ಅಮ್ಮಂದಿರು ಅಂಗಡಿಯ ಮುಂದೆ ನಿಂತೇ ಇರುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ವರ್ಷಗಟ್ಟಲೆ ತುಂಬಿದ್ದರಿಂದ ನನ್ನ ಮಗಳ ಸರದಿ ಬಂದಾಗ ಏನಾಗುತ್ತದೆಂದು ಮೊದಲೇ ಗೊತ್ತಿತ್ತು. ಶೇಕಡಾವಾರು ಅಂಕ ಕೇಳುವ ಜಾಗದಲ್ಲಿ ಅವಳದನ್ನು ಹಾಕಿದರೆ ಮುಂದಿನ ಪುಟ ತೆರೆಯುವುದೇ ಇಲ್ಲ.

ಅವಳಿಗೆ ಬಂದದ್ದು ಅರವತ್ತಕ್ಕಿಂತ ಕಡಿಮೆ. ಓದಲಿಲ್ಲ ಅಂತಲ್ಲ, ಓದಿದ್ದು ಪರೀಕ್ಷೆಯ ಹೊತ್ತಿಗೆ ಅವಳ ಕೈಗೆ ಸಿಗುತ್ತಿರಲಿಲ್ಲ. ಅವಳಿಗೆ ಒಲಿದದ್ದು ಖೋ ಖೋ. ಹೈಸ್ಕೂಲಿನಲ್ಲಿ ಆಡಲು ಶುರು ಮಾಡಿದಳು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಪಿಟಿ ಮೇಷ್ಟ್ರಿಗೆ ವರ್ಗವಾಯಿತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹುಡುಗಿಯರ ತಂಡ ತಾನಾಗಿ ಚದುರಿತು. ಇವಳು ಒಬ್ಬೊಬ್ಬರ ಮನೆಗೂ ಹೋಗಿ, "ಕತ್ತಲಾಗೋದ್ರೊಳಗೆ ನಾನೇ ಮನೆ ತನಕ ಬಿಟ್ಟು ಹೋಗ್ತೀನಿ ಆಂಟಿ" ಎಂದು ಒಪ್ಪಿಸಿ ಅವರನ್ನು ಮತ್ತೆ ಕೂಡಿಸಿದಳು. ಪಿಯುಸಿಗೆ ಬೇರೆ ಬೇರೆ ಕಾಲೇಜು ಸೇರಿದ ಮೇಲೂ ಆ ಹುಡುಗಿಯರು ಸಂಜೆ ಒಟ್ಟಿಗೆ ಆಡಿ, ಕ್ಲಬ್ ತಂಡವಾಗಿ ಟೂರ್ನಮೆಂಟುಗಳಿಗೆ ಹೋಗುತ್ತಿದ್ದರು.

ಆಡುತ್ತಿದ್ದದ್ದು ಕೆಂಪಾಪುರದಲ್ಲಿ, ನನ್ನ ಭಾವನ ಖಾಲಿ ಸೈಟಿನಲ್ಲಿ. ಭಾವ ಅಂದರೆ ನನ್ನ ಗಂಡನ ಅಣ್ಣ. ಅವರದು ಊರಿನ ಹಳೆಯ ಒಕ್ಕಲು ಮನೆತನ. ಜಮೀನು ಪಾಲಾದಾಗ ನನ್ನ ಗಂಡ ತಮ್ಮ ಪಾಲನ್ನು ಬೆಲೆ ಏರುವ ಮೊದಲೇ ಮಾರಿ, ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟು ಕಳೆದುಕೊಂಡರು. ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್. ಭಾವ ಮಾರದೆ ಕೂತರು, ಆಮೇಲೆ ಕಟ್ಟಿದರು, ಇನ್ನೂ ಕಟ್ಟುತ್ತಿದ್ದಾರೆ. ಅವರ ಬಿಲ್ಡಿಂಗಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ನಾವಿದ್ದೇವೆ. ಬಾಡಿಗೆಯ ಮಾತನ್ನು ಅವರು ಎಂದೂ ಎತ್ತಿಲ್ಲ.

ಮಗಳು ಸೆಕೆಂಡ್ ಪಿಯುಸಿಯಲ್ಲಿದ್ದ ವರ್ಷ ಆ ಸೈಟಿನಲ್ಲಿ ಪಾಯ ತೆಗೆಯಲು ಎಲ್ಲ ಸಿದ್ಧವಾಯಿತು. ಇವಳು ನೇರವಾಗಿ ಹೋಗಿ ಕೇಳಿದಳು.

"ದೊಡ್ಡಪ್ಪ, ಟೂರ್ನಮೆಂಟ್ ಮುಗಿಯೋ ತನಕ ಸೈಟ್ ಅಗೀಬೇಡಿ."

"ಎಣ್ಮಕ್ಳು ಓಡಾಡ್ಲಿ ಅಂತ ಬಿಲ್ಡಿಂಗ್ ನಿಲ್ಸ್ಬೇಕೇನವ್ವ?"

"ನಿಲ್ಸ್ಬೇಡಿ. ಸ್ವಲ್ಪ ಲೇಟಾಗಿ ಶುರು ಮಾಡಿ."

ಭಾವ ನಕ್ಕುಬಿಟ್ಟರು. ಕೆಲಸವನ್ನು ಮುಂದಕ್ಕೆ ಹಾಕಿದ್ದಲ್ಲದೆ, ತಮ್ಮ ಆಳುಗಳಿಂದ ತಾರಸಿಗೆ ಆಸರೆ ಕೊಡುವ ಸೆಂಟ್ರಿಂಗ್ ಮರಗಳೆರಡನ್ನು ಆಟದ ಕಂಬಗಳಾಗಿ ನೆಡಿಸಿಕೊಟ್ಟರು. ತಂಡ ಜಿಲ್ಲಾ ಮಟ್ಟಕ್ಕೆ ಹೋಗಿ ಅಲ್ಲಿ ಸೋತಿತು. ಅದಾದ ವಾರದೊಳಗೆ ಜೆಸಿಬಿ ಬಂತು.

ಬಿ.ಕಾಂ. ಓದುವುದಕ್ಕೆ ಸರ್ಕಾರಿ ಕಾಲೇಜು ಸಾಲದೇ ಎಂದು ನೆಂಟರು ಕೇಳಿದರು. ಸಾಕಿತ್ತು. ಆದರೆ ಯಲಹಂಕದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಹುಡುಗಿಯರ ಖೋ ಖೋ ತಂಡವಿತ್ತು, ತರಬೇತುದಾರರಿದ್ದರು, ಸ್ವಂತ ಮೈದಾನವಿತ್ತು. ಮಗಳು ಅದನ್ನೇ ಹಿಡಿದಳು. ಅಲ್ಲಿನ ಫೀಸು ನಮ್ಮ ಕೈಗೆಟುಕುವಂಥದಲ್ಲ. ಹಾಗಾಗಿ ಮಧ್ಯಾಹ್ನ ಅಂಗಡಿ ಖಾಲಿಯಾದಾಗ ನಾನು ಹುಡುಕಲು ಕೂತೆ: ಅಂಕಕ್ಕಿಂತ ಬೇರೆ ಏನನ್ನಾದರೂ ನೋಡಿ ಫೀಸು ಕೊಡುವವರು ಯಾರಾದರೂ ಇದ್ದಾರೆಯೇ ಎಂದು.

ಇದ್ದರು, ಆದರೆ ಹೆಚ್ಚಿನವರು ಬೇರೆ ದೇಶಗಳಲ್ಲಿ. ಸಮಾಜಸೇವೆ ಮಾಡಿದವರಿಗೆ, ನಾಟಕ ಆಡಿದವರಿಗೆ, ಏನನ್ನಾದರೂ ಮುಂದೆ ನಿಂತು ನಡೆಸಿದವರಿಗೆ ಎಂದೆಲ್ಲ ಬರೆದಿರುತ್ತಿತ್ತು. ಕೊನೆಗೆ ಆ ದೇಶದವರಿಗೆ ಮಾತ್ರ ಎಂದಿರುತ್ತಿತ್ತು. ಇಲ್ಲಿನವು ಕ್ರೀಡೆಗೆಂದು ಇದ್ದರೆ ರಾಜ್ಯ ಮಟ್ಟದ ಪ್ರಮಾಣಪತ್ರ ಕೇಳುತ್ತಿದ್ದವು. ಮಗಳು ಬಯಸಿದ ಕಾಲೇಜಿಗೇ ಹೋಗಿ ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡೆವು. ಅವರು ಸಮಾಧಾನವಾಗಿಯೇ ಮಾತಾಡಿದರು.

"ಸ್ಟೇಟ್ ಆಡಿದಾಳಾ ಮೇಡಂ?"

"ಜಿಲ್ಲಾ ಮಟ್ಟ."

"ಸ್ಟೇಟ್ ಆಡಿದ್ರೆ ಫೀಸೇ ಬೇಡ ಅಂತಿದ್ವಿ. ಇವಳಿಗೆ ಸೀಟ್ ಕೊಡ್ಬಹುದು, ಫೀಸ್ ಬಿಡೋಕಾಗಲ್ಲ."

ಹೊರಗೆ ಬಂದ ಮೇಲೆ ಮಗಳು, "ಅವರು ಹೇಳಿದ್ದು ಸರಿಯಾಗೇ ಇದೆ" ಅಂದಳು. ಅಂಗಡಿಗೆ ಬರುತ್ತಿದ್ದ ಒಬ್ಬರು ಬೇರೆ ದಾರಿ ಹೇಳಿದರು. "ಕಂಪ್ಯೂಟರ್ ನಿಮ್ಮದೇ ಇದೆ. ಜಿಲ್ಲಾ ಅನ್ನೋದನ್ನ ರಾಜ್ಯ ಮಾಡೋಕೆ ಎಷ್ಟೊತ್ತು ಬೇಕು ನಿಮ್ಗೆ?" ಹೊತ್ತೇನೂ ಬೇಕಾಗಿರಲಿಲ್ಲ. ನಾನು ಮಾಡಲಿಲ್ಲ. ಅವರು ಈಗಲೂ ನನ್ನ ಅಂಗಡಿಗೇ ಬರುತ್ತಾರೆ.

ಆರ್.ಟಿ. ನಗರದಲ್ಲಿ ಮಕ್ಕಳ ಫೀಸಿಗೆ ನೆರವಾಗುವ ಒಂದು ಟ್ರಸ್ಟ್ ಇದೆಯೆಂದು ತಿಳಿದದ್ದು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿಯಿಂದ. ಪಿಂಚಣಿಯ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಬಂದಿದ್ದರು. ನಾನು ಹುಡುಕುತ್ತಿದ್ದುದನ್ನು ನೋಡಿ, "ಅಲ್ಲಿ ಮಾರ್ಕ್ಸ್ ಕೇಳ್ತಾರಮ್ಮ, ಆದ್ರೆ ಎಲ್ಲಾ ಆದ್ಮೇಲೆ ಕೇಳ್ತಾರೆ" ಅಂದರು. ಅರ್ಜಿ ಹಾಕಿದೆವು. ಸಂದರ್ಶನಕ್ಕೆ ಕರೆ ಬಂತು.

ಒಂದು ಕ್ಲಿನಿಕ್ಕಿನ ಮೇಲಿನ ಕೋಣೆ. ಮೇಜಿನ ಆಚೆ ಒಬ್ಬ ಹಿರಿಯ ಮಹಿಳೆ, ಇಬ್ಬರು ಗಂಡಸರು. ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಮಾತಾಡಬಾರದೆಂದರು.

"ಖೋ ಖೋದಲ್ಲಿ ಏನೇನು ಗೆದ್ದಿದೀಯಮ್ಮ?" ಎಂದು ಆ ಮಹಿಳೆ ಕೇಳಿದರು.

"ದೊಡ್ಡದೇನೂ ಗೆದ್ದಿಲ್ಲ ಮೇಡಂ."

"ಮತ್ತೆ ಏನು ಮಾಡಿದೆ, ಹೇಳು."

ಮಗಳು ತಂಡ ಕೂಡಿಸಿದ್ದನ್ನು ಹೇಳಿದಳು. ಒಬ್ಬ ಹುಡುಗಿಯ ಅಪ್ಪ, ಚಡ್ಡಿ ಹಾಕಿಕೊಂಡು ಆಡುವುದಾದರೆ ಕಳಿಸುವುದಿಲ್ಲ ಅಂದರಂತೆ. ಇವಳು ಅವರ ಜೊತೆ ವಾದ ಮಾಡಲು ಹೋಗದೆ ಇಡೀ ತಂಡಕ್ಕೆ ಟ್ರ್ಯಾಕ್ ಪ್ಯಾಂಟ್ ಹಾಕಿಸಿದಳಂತೆ. "ಬೇರೆ ಟೀಮಿನವರು ನಕ್ಕರು. ಪರವಾಗಿಲ್ಲ ಮೇಡಂ, ನಮ್ಮಲ್ಲಿ ಚೆನ್ನಾಗಿ ಓಡೋಳು ಅವಳೇ." ಈ ಸಂಗತಿ ನನಗೇ ಗೊತ್ತಿರಲಿಲ್ಲ. ಹೊಸ ಪ್ಯಾಂಟ್ ಯಾಕೆ ಎಂದು ಕೇಳಿದ್ದಾಗ ಚಳಿ ಎಂದಿದ್ದಳು.

ಎಲ್ಲಿ ಆಡುತ್ತಿದ್ದಿರಿ ಎಂದು ಗಂಡಸರಲ್ಲೊಬ್ಬರು ಕೇಳಿದರು. ದೊಡ್ಡಪ್ಪನ ಸೈಟಿನಲ್ಲಿ, ಕೆಂಪಾಪುರದಲ್ಲಿ ಅಂದಳು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಖೋ ಖೋ ಆಡುವಷ್ಟು ದೊಡ್ಡ ಸೈಟು, ಅದೂ ಕೆಂಪಾಪುರದಲ್ಲಿ. ಅಷ್ಟು ಇರೋ ಮನೆಯವರಿಗೆ ನಮ್ಮ ಸ್ಕಾಲರ್‌ಶಿಪ್ ಯಾಕಮ್ಮ?"

"ಅದು ದೊಡ್ಡಪ್ಪಂದು ಸರ್. ನಾವಿರೋದು ಅವರ ಹಿಂದಿನ ಮನೇಲಿ."

"ಅವರು ಫೀಸು ಕಟ್ಟಲ್ವಾ?"

"ಕೇಳಿದ್ರೆ ಕಟ್ತಾರೆ."

"ಮತ್ತೆ?"

"ಕೇಳಿಲ್ಲ ಸರ್."

ಮನೆಗೆ ಬಂದು ನೋಡಿ ತೀರ್ಮಾನಿಸುತ್ತೇವೆ ಎಂದರು. ಕೈತಪ್ಪಿತು ಎಂದೇ ನನಗನಿಸಿತು. ಬಸ್ಸಿನಲ್ಲಿ, ಸೈಟಿನ ಮಾತನ್ನು ಬಿಡಬಹುದಾಗಿತ್ತು ಎಂದೆ. "ಎಲ್ಲಿ ಆಡಿದ್ರಿ ಅಂತ ಕೇಳಿದ್ರಲ್ಲಮ್ಮ, ರೋಡಲ್ಲಿ ಅನ್ಲಾ?" ಎಂದು ಕಿಟಕಿಯ ಕಡೆ ತಿರುಗಿದಳು.

ಆ ಹಿರಿಯ ಮಹಿಳೆ ಮತ್ತು ಪೆನ್ನು ಕೆಳಗಿಟ್ಟವರು ಒಂದು ಶನಿವಾರ ಬಂದರು. ನಮ್ಮ ಮನೆಗೆ ಹೋಗುವ ದಾರಿ ಭಾವನ ಗೇಟಿನ ಮೂಲಕವೇ. ಭಾವ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರು, ಯಾಕೆ ಬಂದಿರಿ ಎಂದು ವಿಚಾರಿಸಿದರು. ಬಂದವರು ಹೇಳಿದರು. ಭಾವನ ದನಿ ಹಿಂದಿನ ಮನೆಯವರೆಗೂ ಕೇಳಿ ನಾವೆಲ್ಲ ಹೊರಗೆ ಬಂದೆವು.

"ನಮ್ಮನೆ ಎಣ್ಮಗಿಗೆ ಇನ್ಯಾರೋ ಫೀಸು ಕಟ್ಟಾದಾ? ನಾನೇನು ಸತ್ತೋಗಿದೀನಾ?" ಆಮೇಲೆ ಅತಿಥಿಗಳ ಕಡೆ ತಿರುಗಿ ದನಿ ಇಳಿಸಿದರು. "ತಪ್ಪು ತಿಳ್ಕೋಬ್ಯಾಡಿ. ಕಾಪಿ ಕುಡ್ಕೊಂಡು ಓಗಿ. ಫೀಸು ನಾನ್ ಕಟ್ತೀನಿ."

ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು. ಅಣ್ಣನ ಎದುರು ಅವರು ಮಾತಾಡಿದ್ದನ್ನು ನಾನು ಕಂಡಿಲ್ಲ. ಮಗಳು ಮುಂದೆ ಬಂದಳು.

"ದೊಡ್ಡಪ್ಪ, ನೀವು ಕಟ್ತೀರಿ ಅಂತ ನಂಗೊತ್ತು. ಅವರಿಗೂ ಹೇಳಿದೀನಿ."

"ಮತ್ತೆ ಇದ್ಯಾಕೆ?"

"ನೀವು ಕಟ್ಟೋದು ತಮ್ಮನ ಮಗಳು ಅಂತ. ನಾನು ಏನೂ ಮಾಡದೆ ಇದ್ದಿದ್ರೂ ಕಟ್ತಿದ್ರಿ. ಇವರು ಕೊಟ್ರೆ ನಾನು ಮಾಡಿದ್ದನ್ನ ನೋಡಿ ಕೊಡ್ತಾರೆ. ನನಗೆ ಅದು ಬೇಕು ದೊಡ್ಡಪ್ಪ."

ಭಾವ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. "ಅಂಗಾದ್ರೆ ನಾನು ಸೈಟ್ ಬಿಟ್ಕೊಟ್ಟಿದ್ದು?"

"ಅದನ್ನೂ ಹೇಳಿದೀನಿ."

ಅವರು ಎದ್ದು ಒಳಗೆ ಹೋದರು. ಬಾಗಿಲನ್ನೇನೂ ಬಡಿಯಲಿಲ್ಲ, ಆದರೆ ಮತ್ತೆ ಹೊರಗೆ ಬರಲಿಲ್ಲ. ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿದರು. ಮಹಿಳೆ ನನ್ನ ಗಂಡನನ್ನು, "ನೀವೇನಂತೀರಿ?" ಎಂದು ಕೇಳಿದರು. "ಅಣ್ಣ ಮಾತಾಡೋವಾಗ ನಾನು ಮಾತಾಡಲ್ಲ ಮೇಡಂ. ಆದ್ರೆ ಮಗಳು ಹೇಳಿದ್ದು ಸರಿ" ಅಂದರು ಇವರು. ಅಂಕಪಟ್ಟಿಯನ್ನು ಕೇಳಿದ್ದು ಹೊರಡುವಾಗ. ನೋಡಿ ವಾಪಸು ಕೊಟ್ಟರು.

ಅದಾದ ಮೇಲೆ ಬಹಳ ದಿನ ಭಾವ ನಮ್ಮೊಂದಿಗೆ ಮಾತಾಡಲಿಲ್ಲ. ಗೇಟಿನಲ್ಲಿ ಎದುರಾದರೆ ಫೋನು ನೋಡುತ್ತಿದ್ದರು. ನನ್ನ ಗಂಡ ಒಂದೆರಡು ಸಲ ಅವರ ಬಾಗಿಲ ತನಕ ಹೋಗಿ ವಾಪಸು ಬಂದರು. ಮಗಳು ಮಾತ್ರ ಎಂದಿನಂತೆ, "ದೊಡ್ಡಪ್ಪ, ಬರ್ತೀನಿ" ಎಂದು ಹೇಳಿಯೇ ಹೊರಡುತ್ತಿದ್ದಳು; ಉತ್ತರಕ್ಕೆ ಕಾಯುತ್ತಿರಲಿಲ್ಲ.

ಟ್ರಸ್ಟಿನವರು ಒಪ್ಪಿದರು. ಫೀಸಿನ ಹೆಚ್ಚಿನ ಪಾಲು ಅವರದು, ಉಳಿದದ್ದು ನಮ್ಮದು. ಒಂದು ಷರತ್ತಿತ್ತು: ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದ ಕಡೆಯ ಒಂದು ಶಾಲೆಯ ಹುಡುಗಿಯರಿಗೆ ಅವಳು ಖೋ ಖೋ ಹೇಳಿಕೊಡಬೇಕು. ಮೊದಲ ಭಾನುವಾರ ಬಂದವಳೇ, "ಒಬ್ರೂ ಮಾತು ಕೇಳಲ್ಲಮ್ಮ, ಕೂರು ಅಂದ್ರೆ ಓಡ್ತಾವೆ, ಓಡು ಅಂದ್ರೆ ಕೂತ್ಕೋತಾವೆ" ಎಂದು ಗೊಣಗಿ, ಊಟ ಮಾಡಿ, ಸಂಜೆಯವರೆಗೆ ಮಲಗಿದಳು. ಮುಂದಿನ ಭಾನುವಾರ ಮತ್ತೆ ಹೋದಳು.

ಭಾವ ಮಾತಾಡಿದ್ದು ನೆಂಟರ ಮನೆಯ ಒಂದು ನಾಮಕರಣದಲ್ಲಿ, ಅದೂ ನಮ್ಮೊಂದಿಗಲ್ಲ. ಊಟದ ಸಾಲಿನಲ್ಲಿ ನಾನು ಅವರ ಬೆನ್ನಿಗೆ ಕೂತಿದ್ದೆ. ಪಕ್ಕದವರಿಗೆ ಅವರು, "ನನ್ನ ಸೈಟಲ್ಲೇ ಆಡಿ ಕಲ್ತು ಸ್ಕಾಲರ್‌ಶಿಪ್ ತಗೊಂಡವ್ಳೆ. ನಾನ್ ಕಟ್ತೀನಿ ಅಂದ್ರೆ ಬ್ಯಾಡ ಅಂದ್ಬುಟ್ಳು" ಎಂದು ಹೇಳುತ್ತಿದ್ದುದು ಕೇಳಿಸಿತು. ದನಿಯಲ್ಲಿದ್ದದ್ದು ದೂರೋ ಹೆಮ್ಮೆಯೋ ನನಗೆ ಖಚಿತವಾಗಲಿಲ್ಲ. ಮರುದಿನ ಗೇಟಿನಲ್ಲಿ ಅವಳಿಗೆ, "ಉಷಾರಾಗಿ ಓಗು" ಅಂದರಂತೆ.

ಮೊದಲ ವರ್ಷ ಕಾಲೇಜು ತಂಡದಲ್ಲಿ ಅವಳಿಗೆ ಜಾಗ ಸಿಕ್ಕಿತು. ಅಕೌಂಟ್ಸಿನಲ್ಲಿ ಫೇಲಾದಳು. ಟ್ರಸ್ಟಿಗೆ ತಾನೇ ಫೋನು ಮಾಡಿ ತಿಳಿಸಿದಳು. ಆ ಹಿರಿಯ ಮಹಿಳೆ ಭಾನುವಾರ ಎಷ್ಟು ಜನ ಹುಡುಗಿಯರು ಬರುತ್ತಿದ್ದಾರೆ ಎಂದು ಮೊದಲು ಕೇಳಿದರಂತೆ. ಆಮೇಲೆ, ಅಕೌಂಟ್ಸಿಗೆ ಯಾರನ್ನಾದರೂ ಗೊತ್ತು ಮಾಡಿಕೊ ಅಂದರಂತೆ. ತರಗತಿಯ ಒಬ್ಬ ಗೆಳತಿ ಹೇಳಿಕೊಟ್ಟಳು. ಮತ್ತೆ ಬರೆದು ಪಾಸಾದಳು. ಈಗ ಎರಡನೇ ವರ್ಷದಲ್ಲಿದ್ದಾಳೆ.