ನೆಲಕ್ಕೊಂದು ಹಬೆಯಂತ್ರ

ಪಾದಧೂಳಿಯ ವಿಷಯದಲ್ಲಿ ಮನುಷ್ಯರು ಎರಡು ಬಗೆ. ಬಾಗಿಲಲ್ಲಿ ಹಾಸಿದ ಗೋಣಿಚೀಲದ ಮೇಲೆ ಕಾಲೊರೆಸಿಕೊಂಡು ಒಳಗೆ ಬರುವವರು ಒಂದು ಬಗೆಯಾದರೆ, ಒಳಗೆ ಬಂದು ಓಡಾಡುವುದರಿಂದಲೇ ಕಾಲೊರೆಸಿಕೊಳ್ಳುವವರು ಇನ್ನೊಂದು ಬಗೆ. ಎರಡನೆಯ ಪಂಗಡದ ಪೂರ್ಣಪ್ರಮಾಣದ ದರ್ಶನ ಬೇಕೆಂದರೆ ನೀವು ಕಾಫಿ ಹಣ್ಣಾಗುವ ಕಾಲದಲ್ಲಿ ಸೋಮವಾರಪೇಟೆಗೆ, ಅದರಲ್ಲೂ ನಮ್ಮ ಮನೆಗೆ ಬರಬೇಕು. ಮಳೆಗಾಲದ ಕೆಸರಾದರೂ ವಾಸಿ, ತಾನು ಕೆಸರೆಂದು ಒಪ್ಪಿಕೊಂಡು ಬಾಗಿಲಲ್ಲೇ ಉಳಿಯುತ್ತದೆ. ಡಿಸೆಂಬರಿನ ಕೆಂಧೂಳಿಗೆ ಆ ಸಂಕೋಚವಿಲ್ಲ. ಅದು ಪಕ್ಕದ ಮನೆಯ ಮುತ್ತಪ್ಪನವರ ಬೂಟಿನಲ್ಲಿ, ಅವರ ನಾಯಿಯ ಕಾಲಿನಲ್ಲಿ, ಅವರ ಕಣದಲ್ಲಿ ಒಣಗುವ ಕಾಫಿಯ ಸಿಪ್ಪೆಯೊಡನೆ ಗಾಳಿಯಲ್ಲಿ, ಹೀಗೆ ಮೂರು ಮಾರ್ಗವಾಗಿ ಬಂದು ನಮ್ಮ ಹಾಲಿನ ನೆಲದ ಮೇಲೆ ಸಂಗಮಿಸುತ್ತದೆ. ತ್ರಿವೇಣಿ ಸಂಗಮಕ್ಕೆ ಕೊಡಗಿನಲ್ಲಿ ಪಾವಿತ್ರ್ಯವಿದೆ, ನಿಜ. ಆದರೆ ಈ ಸಂಗಮವನ್ನು ದಿನಾ ಬೆಳಿಗ್ಗೆ ಯಾರಾದರೂ ಒರೆಸಬೇಕು.

ಒರೆಸಬೇಕಾದ ನೆಲವೂ ಸಾಮಾನ್ಯದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಮನೆ ಕಟ್ಟಿಸುವಾಗ ಊರಿಗೂರೇ ಟೈಲ್ಸಿನ ಬೆನ್ನು ಹತ್ತಿದ್ದರೂ ನನ್ನ ಹೆಂಡತಿ ಸರೋಜ ಹಟ ಹಿಡಿದು ಕೆಂಪು ಸಿಮೆಂಟಿನ ನೆಲ ಹಾಕಿಸಿದಳು. ಸಿಮೆಂಟು ಗಟ್ಟಿಯಾಗುವವರೆಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮನೆಯ ಯಜಮಾನನೆಂಬ ಭ್ರಮೆಯಲ್ಲಿದ್ದ ನನ್ನನ್ನೂ ಒಳಗೆ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದವಳಿಗೆ ಮನೆಯೆಂದರೆ ಒಬ್ಬನೇ ರೋಗಿಯಿರುವ ವಾರ್ಡು. ಆ ರೋಗಿ ಗುಣವಾಗುವ ಲಕ್ಷಣ ಕಾಣದಿದ್ದರೂ ನೆಲವಂತೂ ಚೊಕ್ಕಟವಾಗಿರಬೇಕು. ವರ್ಷಕ್ಕೊಮ್ಮೆ ಹುತ್ತರಿಗೆ ಮುಂಚೆ ಮೇಣದ ಕೆಂಪು ಪಾಲಿಶು ಹಚ್ಚಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತಿಕ್ಕಿ, ಬಗ್ಗಿದರೆ ಮುಖ ಕಾಣುವಷ್ಟು ಹೊಳಪು ಬರಿಸುತ್ತಾಳೆ. ಹಬ್ಬಕ್ಕೆ ಬಂದವರು ಮೊದಲು ನೆಲವನ್ನು ಹೊಗಳಿ, ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾರೆ.

ಈ ನೆಲ ಒರೆಸಲು ಬರುತ್ತಿದ್ದವಳು ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಯ ರಾಣಿ. ಹುತ್ತರಿ ಮುಗಿದ ವಾರಕ್ಕೆ ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕಾ, ನಾಳೆಯಿಂದ ಪಿಕ್ಕಿಂಗ್ ಸುರು. ಎರಡು ತಿಂಗಳು ನನ್ನ ಮರೆತುಬಿಡಿ” ಎಂದಳು. ಅವಳದೇನೂ ತಪ್ಪಿಲ್ಲ. ಗಿಡದಲ್ಲಿ ಕೆಂಪಾದ ಹಣ್ಣು ನಮ್ಮ ಮನೆಯ ಕಸಕ್ಕಾಗಿ ಕಾಯುವುದಿಲ್ಲ. ಪಿಕ್ಕಿಂಗ್ ಕಾಲದಲ್ಲಿ ಮನೆಗೆಲಸಕ್ಕೆ ಜನ ಕೇಳುವುದೆಂದರೆ ಮದುವೆಯ ದಿನ ಮದುಮಗಳನ್ನೇ ಪಾತ್ರೆ ತೊಳೆಯಲು ಕರೆದ ಹಾಗೆ. ಪ್ರತಿವರ್ಷ ಆ ಎರಡು ತಿಂಗಳು ಸರೋಜಳೇ ಒರೆಸುತ್ತಿದ್ದಳು. ಈ ವರ್ಷ ತೊಡಕಾದದ್ದು ಅವಳ ಬಲ ಮಂಡಿ. ಮಡಿಕೇರಿಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನೆಲದ ಮೇಲೆ ಕೂರಬೇಡಿ, ಮಂಡಿಯೂರಬೇಡಿ, ಮೂರು ತಿಂಗಳು ಬಿಟ್ಟು ನೋಡೋಣ, ಆಗಲೂ ಹೀಗೇ ಇದ್ದರೆ ಆಪರೇಷನ್ ಬಿಟ್ಟು ದಾರಿಯಿಲ್ಲ ಎಂದು ಹೇಳಿ ಕಳಿಸಿದ್ದರು. ವಾಪಸು ಬರುವಾಗ ಬಸ್ಸು ಮಾದಾಪುರ ದಾಟುವಾಗ ಸರೋಜ ಎಕ್ಸ್‌ರೇಯ ಕವರನ್ನು ಸೀಟಿನಡಿಗೆ ತಳ್ಳಿದಳು. ಆಮೇಲೆ, “ಎಷ್ಟು ಜನರನ್ನ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗಿದೀನಿ. ನನ್ನನ್ನ ಯಾರೂ ತಳ್ಳಿಕೊಂಡು ಹೋಗೋದು ಬೇಡ ಕಣ್ರಿ” ಎಂದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೋಲಿನ ಮಾಪು ಅವಳಿಗೆ ಆಗಿಬರುವುದಿಲ್ಲ. ಅದು ಕೊಳೆಯನ್ನು ತೆಗೆಯುವುದಿಲ್ಲ, ಊರು ಸುತ್ತಿಸುತ್ತದೆ ಎಂಬುದು ಅವಳ ಸಿದ್ಧಾಂತ. ಆದ್ದರಿಂದ ಆ ಸಂಜೆ ನಾನು ಮಾಡಿದ ಘೋಷಣೆಯಲ್ಲಿ ಸ್ವಲ್ಪ ರಾಜಗಾಂಭೀರ್ಯವಿತ್ತು. ಬಿಸಿಹಬೆಯಿಂದ ನೆಲ ಒರೆಸುವ ಯಂತ್ರ ಬಂದಿದೆ, ಸ್ಟೀಮ್ ಮಾಪ್ ಎನ್ನುತ್ತಾರೆ, ಬಗ್ಗಬೇಕಾಗಿಲ್ಲ, ನಿಂತುಕೊಂಡೇ ಒರೆಸಬಹುದು, ಕೊಳೆಯ ಜೊತೆಗೆ ಕ್ರಿಮಿಯೂ ಸಾಯುತ್ತದೆ, ಒಂದು ಒಳ್ಳೆಯದನ್ನು ಆರಿಸಿ ತರಿಸುತ್ತೇನೆ ಎಂದೆ. “ಅಲ್ಲೀತನಕ?” ಎಂದಳು ಸರೋಜ. ಅಲ್ಲಿಯತನಕ ಒರೆಸದಿದ್ದರಾಯಿತು ಎಂದು ಹೇಳಿ ನಾನು ಮೊಬೈಲು ಕೈಗೆತ್ತಿಕೊಂಡೆ.

ಓದುಗ ಮಹಾಶಯರೇ, ವಿಮರ್ಶೆಯೆಂಬ ಪ್ರಕಾರ ಸಾಹಿತ್ಯಲೋಕದಲ್ಲಿ ಬಡವಾಗಿದೆಯೆಂದು ಕೊರಗುವವರು ಒಮ್ಮೆ ಮಾಪುಗಳ ಲೋಕವನ್ನು ಹೊಕ್ಕು ಬರಬೇಕು. ಹೈಸ್ಕೂಲಿನ ಕನ್ನಡ ಮೇಷ್ಟ್ರಾಗಿ ಸಾವಿರಾರು ಉತ್ತರಪತ್ರಿಕೆ ತಿದ್ದಿದ ನನಗೇ ತಲೆ ಕೆಟ್ಟುಹೋಯಿತು. ಒಬ್ಬರು ತಮ್ಮ ಬದುಕೇ ಬದಲಾಯಿತೆಂದು ಐದು ನಕ್ಷತ್ರ ಕೊಟ್ಟ ಯಂತ್ರಕ್ಕೆ ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು, ಅರ್ಧ ನಕ್ಷತ್ರ ಕೊಡಲು ಅವಕಾಶವಿಲ್ಲದ್ದಕ್ಕೆ ವ್ಯಥೆಪಟ್ಟಿದ್ದರು. ಮೂರನೆಯವರು ಪೆಟ್ಟಿಗೆ ಬಹಳ ಚೆನ್ನಾಗಿದೆ, ಇನ್ನೂ ತೆರೆದಿಲ್ಲ ಎಂದು ಬರೆದು ನಾಲ್ಕು ಕೊಟ್ಟಿದ್ದರು. ನೀರಿನ ಟ್ಯಾಂಕು ದೊಡ್ಡದಾದರೆ ಯಂತ್ರ ಭಾರ, ಸಣ್ಣದಾದರೆ ಒಂದು ಕೋಣೆಗೇ ನೀರು ಮುಗಿಯುತ್ತದೆ. ಬೇಗ ಕಾಯುವುದಕ್ಕೆ ಕರೆಂಟು ಜಾಸ್ತಿ ಬೇಕು, ಮತ್ತು ನಮ್ಮ ಕಡೆಯ ಕರೆಂಟಿನ ಶೀಲಸ್ವಭಾವ ನಿಮಗೆ ಗೊತ್ತೇ ಇದೆ. ಎಲ್ಲಕ್ಕಿಂತ ಕಿರಿಕಿರಿಯಾದದ್ದು, ಈ ಮಹಾಯಂತ್ರಗಳು ಬೋರ್‌ವೆಲ್ ನೀರು ಕುಡಿಯುವುದಿಲ್ಲವಂತೆ. ಬಟ್ಟಿ ಇಳಿಸಿದ ನೀರೇ ಆಗಬೇಕಂತೆ. ವರ್ಷಕ್ಕೆ ನಾಲ್ಕು ತಿಂಗಳು ಆಕಾಶಕ್ಕೇ ತೂತು ಬಿದ್ದಂತೆ ಮಳೆ ಸುರಿಯುವ ಜಿಲ್ಲೆಯಲ್ಲಿ, ನೆಲ ಒರೆಸುವ ಸಲುವಾಗಿ ಕ್ಯಾನು ಹಿಡಿದು ಬ್ಯಾಟರಿ ಅಂಗಡಿಗೆ ನೀರು ಕೊಳ್ಳಲು ಹೋಗುವ ದಿನ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೂ ಧೃತಿಗೆಡದೆ ಹಳೆಯ ಅಂಕಪಟ್ಟಿಯ ಪುಸ್ತಕವೊಂದನ್ನು ತೆಗೆದು, ಹನ್ನೊಂದು ಯಂತ್ರಗಳ ಹೆಸರು ಬರೆದು, ಭಾರಕ್ಕಿಷ್ಟು, ವೈರಿನ ಉದ್ದಕ್ಕಿಷ್ಟು, ಬಟ್ಟೆ ಕಳಚುವ ಸುಲಭಕ್ಕಿಷ್ಟು ಎಂದು ಅಂಕ ಹಾಕತೊಡಗಿದೆ. ಅಳೆದೂ ಸುರಿದೂ ನಾಲ್ವರು ಪ್ರಥಮ ಸ್ಥಾನದಲ್ಲಿ ನಿಂತರು. ಮರುಮೌಲ್ಯಮಾಪನ ಮಾಡಿದಾಗ ಆರು ಜನರಾದರು. ಒಂದು ದಿನ ಇದನ್ನೆಲ್ಲ ನೋಡುತ್ತ ನಿಂತಿದ್ದ ಮುತ್ತಪ್ಪನವರು, ಎಸ್ಟೇಟಿನಲ್ಲಿ ಬಹುಕಾಲ ಲೆಕ್ಕ ಬರೆಯುವ ರೈಟರಾಗಿದ್ದು ಈಗ ತಮ್ಮದೇ ನಾಲ್ಕೆಕರೆ ನೋಡಿಕೊಳ್ಳುವವರು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಂತ ಮಾಷ್ಟ್ರೇ, ನೆಲಕ್ಕೂ ಶೀತ ಆಗಿದ್ಯಾ ಹಬೆ ಕೊಡ್ಲಿಕ್ಕೆ? ಮಳೆಗಾಲದಲ್ಲಿ ಇಲ್ಲಿ ಗೋಡೆಯೇ ಬೆವರ್ತದೆ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡೀತದೆ. ನಮಗೆ ಬೇಕಾದ್ದು ಒಣಗಿಸೋ ಮಿಷಿನು ಮಾರಾಯ್ರೆ. ಹಬೆ ಏನಿದ್ರೂ ಕಡಂಬುಟ್ಟಿಗೆ!” ಅಕ್ಕಿತರಿಯ ಉಂಡೆ ಕಡಂಬುಟ್ಟನ್ನು ಬೇಯಿಸಿದಂತೆ ನೆಲ ಬೇಯಿಸುವ ನನ್ನ ಯೋಜನೆಯಲ್ಲಿ ಲೋಪವಿರಬಹುದೆಂದು ನನಗೂ ಆಗ ಅನ್ನಿಸಿತು. ಆದರೆ ಈ ಸದುಪದೇಶವನ್ನು ಅವರು ಮಾಡಿದ್ದು ನಮ್ಮ ಹಾಲಿನ ನಟ್ಟನಡುವೆ ಬೂಟುಕಾಲಿನಲ್ಲಿ ನಿಂತುಕೊಂಡು. ಆದ್ದರಿಂದ ನಾನು ಅದಕ್ಕೆ ಕಿವಿಗೊಡಲಿಲ್ಲ.

ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಜನವರಿಯಲ್ಲಿ ಕುಶಾಲನಗರದ ಅಂಗಡಿಯೊಂದಕ್ಕೆ ಫೋನು ಮಾಡಿದೆ. ಅಲ್ಲಿಂದ ಟೈ ಕಟ್ಟಿಕೊಂಡ ನಡುವಯಸ್ಸಿನ ಗೃಹಸ್ಥರೊಬ್ಬರು ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದು, ಬಾಗಿಲಲ್ಲಿ ಬೂಟು ಕಳಚಿಟ್ಟು, ಅಷ್ಟರಿಂದಲೇ ಸರೋಜಳ ಮನಸ್ಸನ್ನು ಅರ್ಧ ಗೆದ್ದರು. ಸ್ವಿಚ್ಚು ಹಾಕಿದೊಡನೆ ಮನೆಯ ದೀಪಗಳೆಲ್ಲ ಒಮ್ಮೆ ಮಂಕಾಗಿ, ಹೇಗೋ ಚೇತರಿಸಿಕೊಂಡವು. ಯಂತ್ರ ಬುಸ್ಸೆಂದಿತು. ಅವರು ಕಿಟಕಿಯಿಂದ ಸೋಫಾದವರೆಗೆ ನಾಲ್ಕು ಸಲ ಹಿಂದೆ ಮುಂದೆ ಎಳೆದು, ತಳದ ಬಿಳಿಬಟ್ಟೆಯನ್ನು ಕಳಚಿ ನಮ್ಮೆದುರು ಹಿಡಿದರು. ಬಟ್ಟೆ ಕೆಂಪಗೆ, ಕುಂಕುಮದ ನೀರಿನಲ್ಲಿ ಅದ್ದಿದ ಹಾಗಿತ್ತು. “ನೋಡಿ ಸಾರ್, ದಿನಾ ಒರೆಸಿದ್ರೂ ಎಷ್ಟು ಕೊಳೆ ಉಳಿದಿದೆ!” ಎಂದರು. ಅಬ್ಬಾ ಎಂದೆ ನಾನು. ಅಬ್ಬಾ ಎಂದದ್ದಷ್ಟೇ ಅಲ್ಲ, ಇಷ್ಟು ದಿನ ಇಂಥ ಕೊಳೆಯ ಮೇಲೆ ಬದುಕಿದ್ದೆವಲ್ಲ ಎಂದು ಹೆಂಡತಿಯ ಕಡೆ ತಿರುಗಿ ತಲೆಯನ್ನೂ ಆಡಿಸಿದೆ.

ಸರೋಜ ಆ ಬಟ್ಟೆಯನ್ನು ಇಸಿದುಕೊಂಡು ಮೂಸಿ ನೋಡಿದಳು. “ಕೊಳೆ ಅಲ್ಲ ಕಣಪ್ಪ ಇದು, ಪಾಲಿಶು. ಹುತ್ತರಿಗೆ ನಾನೂ ರಾಣೀನೂ ಮೂರು ದಿನ ಕೂತು ತಿಕ್ಕಿದ್ದು” ಎಂದಳು. ಯಂತ್ರ ಹೋದ ದಾರಿಯುದ್ದಕ್ಕೂ ನೆಲ ಬಿಳಿಚಿಕೊಂಡು, ಹಳ್ಳಿಯ ಕಾಲುದಾರಿಯಂತೆ ಕಾಣುತ್ತಿತ್ತು. ಅವರು ಪಾಪ, ಟೈ ಸಡಿಲಿಸಿಕೊಂಡು ಇಂಥ ನೆಲ ಈಗ ಯಾರ ಮನೆಯಲ್ಲೂ ಇಲ್ಲ ಅಮ್ಮಾ ಎಂದು ತೊದಲಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಸರೋಜ ಅವರನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ.

ನಿಲ್ಲಿಸಲಿಲ್ಲ. ಸೋಲು ವಿದ್ವಾಂಸನನ್ನು ಇನ್ನಷ್ಟು ವಿದ್ವಾಂಸನನ್ನಾಗಿ ಮಾಡುತ್ತದೆ. ಮೇಣದ ನೆಲಕ್ಕೆ ಹಬೆ ವರ್ಜ್ಯವೆಂದು ಎಲ್ಲ ಕೈಪಿಡಿಗಳಲ್ಲೂ ಅಚ್ಚಾಗಿದೆಯೆಂಬ ಸಂಗತಿಯನ್ನು ಆಗ ಕಂಡುಕೊಂಡ ನಾನು, ಹಬೆಯನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯಿರುವ ಯಂತ್ರಗಳಿಗಾಗಿ ಹೊಸ ಪಟ್ಟಿ ಆರಂಭಿಸಿದೆ. ಪಟ್ಟಿ ಬೆಳೆಯಿತು. ಮುತ್ತಪ್ಪನವರ ಕಣದಲ್ಲಿ ಕಾಫಿ ಒಣಗಿ ಮೂಟೆಯಾಯಿತು. ದಿನಗಳು ಕಳೆದದ್ದು ನನಗೆ ತಿಳಿಯಲಿಲ್ಲ, ಏಕೆಂದರೆ ನಾನು ಕೆಲಸದಲ್ಲಿದ್ದೆ, ಮತ್ತು ಹೆಂಡತಿಗಾಗಿ ಇಷ್ಟು ಪಾಡು ಪಡುವ ಗಂಡಸು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲವೆಂಬ ನಂಬಿಕೆ ನನ್ನನ್ನು ಬೆಚ್ಚಗಿಟ್ಟಿತ್ತು.

ಜನವರಿಯ ಕೊನೆಯ ವಾರ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಒಂದು ವಿಮರ್ಶೆ ಓದುತ್ತಿದ್ದೆ. ಮಂಡಿನೋವಿನ ತಾಯಿಗೆಂದು ಯಂತ್ರ ಕೊಂಡ ಮಗಳೊಬ್ಬಳು ಅದರ ಗುಣಗಳನ್ನು ವಿಸ್ತಾರವಾಗಿ ಬರೆದಿದ್ದಳು. ಇದೇ, ಇದೇ ನನಗೆ ಬೇಕಾದದ್ದು ಎಂದುಕೊಳ್ಳುವಾಗ ಕೆಳಗಿನಿಂದ “ಕಾಲೆತ್ತಿ” ಎಂಬ ದನಿ ಬಂತು. ಎತ್ತಿದೆ. ಒದ್ದೆಬಟ್ಟೆ ನನ್ನ ಕುರ್ಚಿಯಡಿ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು. ನಾನು ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡೇ ಮುಂದಿನ ಸಾಲು ಓದಿದೆ. ಒರೆಸಿಯಾದ ಮೇಲೂ ಅವಳು ಅಲ್ಲಿಂದ ಸರಿಯಲಿಲ್ಲವಲ್ಲ ಎಂದು ಮೊಬೈಲು ಇಳಿಸಿ ನೋಡಿದರೆ, ಸರೋಜ ಏಳಲಾಗದೆ ನನ್ನ ಕುರ್ಚಿಯ ಕೈ ಹಿಡಿದುಕೊಂಡು, ತುಟಿ ಕಚ್ಚಿಕೊಂಡು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ್ದಳು. ಎಷ್ಟು ಹೊತ್ತಿನಿಂದ ಚಾಚಿದ್ದಳೋ.

ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. “ದಿನಾ ಒರೆಸ್ತಾ ಇದ್ದೀಯಾ?” ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. “ಮತ್ತೆ? ನಾನು ಕಾಲೆತ್ತಿ ಅಂತೀನಿ, ನೀವು ಎತ್ತುತೀರಿ. ದಿನಾ.”

ನಾಚಿಕೆಯಾಯಿತು ಎಂದರೆ ಕಡಿಮೆಯಾಯಿತು. ಎರಡು ತಿಂಗಳು ನೆಲ ಹೊಳೆಯುತ್ತಲೇ ಇತ್ತು, ಮತ್ತು ಹೊಳೆಯುವುದು ಅದರ ಹುಟ್ಟುಗುಣವೆಂದು ನಾನು ತಿಳಿದಿದ್ದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವನ ಕಥೆ ಹೇಳಿ ತರಗತಿಯಲ್ಲಿ ಮಕ್ಕಳನ್ನು ನಗಿಸಿದವನು ನಾನು. ಅವನಾದರೋ ಬಾವಿ ತೋಡಲು ಹೊರಟಿದ್ದ, ನಾನು ಯಾವ ಗುದ್ದಲಿಗೆ ಎಷ್ಟು ನಕ್ಷತ್ರವೆಂದು ಎಣಿಸುತ್ತ ಕೂತಿದ್ದೆ. ಹಾಲಿನ ಅರ್ಧ ನೆಲ ಇನ್ನೂ ಒರೆಸಲು ಬಾಕಿಯಿತ್ತು. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದೆ. “ಬಿಡ್ರಿ, ನಿಮಗೆ ಬರಲ್ಲ” ಎಂದಳು. ಬರುವುದಿಲ್ಲವೆಂಬುದು ಮೊದಲ ಎಳೆತದಲ್ಲೇ ರುಜುವಾತಾಯಿತು. ಇಪ್ಪತ್ತು ವರ್ಷ ಓಡಾಡಿದ ಹಾಲು ಇಷ್ಟು ದೊಡ್ಡದೆಂದು ಮಂಡಿಯೂರುವವರೆಗೆ ನನಗೆ ಗೊತ್ತಿರಲಿಲ್ಲ. ಗಟ್ಟಿಯಾಗಿದ್ದ ನನ್ನ ಮಂಡಿಗಳೇ ಹತ್ತು ಅಡಿಯೊಳಗೆ ನೋಯತೊಡಗಿದವು. ಸರೋಜ ಕೂತಲ್ಲಿಂದಲೇ, ಗೋಡೆ ಕಡೆಯಿಂದ ಬನ್ನಿ, ಬಟ್ಟೆ ಮಗುಚಿ, ನೀರು ಜಾಸ್ತಿಯಾಯ್ತು ಎನ್ನುತ್ತಿದ್ದಳು. ನನ್ನ ಜೀವಮಾನದಲ್ಲಿ ನಾನು ಯಾವ ವಿದ್ಯಾರ್ಥಿಯನ್ನೂ ಅಷ್ಟು ತಾಳ್ಮೆಯಿಂದ ತಿದ್ದಿಲ್ಲ.

ಮಾಪನ್ನು ನಾನು ಇನ್ನೂ ಆರಿಸಿಲ್ಲ. ಪಿಕ್ಕಿಂಗ್ ಮುಗಿಸಿ ರಾಣಿ ಬರಲು ಇನ್ನೂ ಹತ್ತು ದಿನವಿದೆ, ಮಡಿಕೇರಿಯ ಡಾಕ್ಟರನ್ನು ಮತ್ತೆ ನೋಡಲು ಒಂದು ತಿಂಗಳಿದೆ, ಅವರು ಏನೆನ್ನುತ್ತಾರೋ ಎಂಬ ಹೆದರಿಕೆ ಈಗ ಇಬ್ಬರಿಗೂ ಇದೆ. ಅಲ್ಲಿಯವರೆಗೆ ನೆಲ ನನ್ನದು. ಆ ಮೊದಲ ದಿನ ಒರೆಸುತ್ತ ಒರೆಸುತ್ತ ಕೊನೆಗೆ ಅವಳು ಕೂತಿದ್ದ ಕುರ್ಚಿಯ ಬುಡಕ್ಕೆ ಬಂದು ಕಾಲೆತ್ತು ಎಂದೆ. ಎಡಗಾಲನ್ನು ಥಟ್ಟನೆ ಎತ್ತಿದಳು. ಬಲಗಾಲು ತಾನಾಗಿ ಏಳಲಿಲ್ಲ. ಮಂಡಿಯ ಕೆಳಗೆ ಎರಡೂ ಕೈ ಕೊಟ್ಟು, ಯಾರದೋ ಕಾಲೆಂಬಂತೆ ಮೆಲ್ಲಗೆ ಎತ್ತಿ ಹಿಡಿದುಕೊಂಡಳು. ನಾನು ಬೇಗ ಬೇಗ ಒರೆಸಿದೆ.