ಉಸಿರಾಡುವ ಶೆಲ್ಲು

ನಮ್ಮ ಮನೆಯ ಟಿ.ವಿ. ರಿಮೋಟಿಗೆ ಹಿಂದಿನ ಮುಚ್ಚಳವಿಲ್ಲ. ನಿಮ್ಮ ಮನೆಯದಕ್ಕೂ ಇರಲಾರದು, ಸುಮ್ಮನೆ ದೊಡ್ಡಸ್ತಿಕೆ ಬೇಡ. ಶೆಲ್ಲು ಬೀಳದಿರಲೆಂದು ನನ್ನ ಹೆಂಡತಿ ಸುಧಾ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡು ಬಿಗಿದಿದ್ದಾಳೆ. ಚಾನೆಲ್ಲು ಬದಲಾಗದಿದ್ದರೆ ನಾನು ಮೊದಲು ರಿಮೋಟನ್ನು ತೊಡೆಗೆ ಎರಡು ಬಡಿಯುತ್ತೇನೆ. ಅದಕ್ಕೂ ಬಗ್ಗದಿದ್ದರೆ ಶೆಲ್ಲುಗಳನ್ನು ಹೆಬ್ಬೆರಳಲ್ಲಿ ಉರುಳಿಸುತ್ತೇನೆ. ಆಮೇಲೆ ಅದಲು ಬದಲು ಮಾಡುವುದು, ಹಲ್ಲಲ್ಲಿ ಕಚ್ಚುವುದು, ಕೊನೆಗೆ ತುಳಸಿಕಟ್ಟೆಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ ಇಡುವುದು. ಇದನ್ನೆಲ್ಲ ಮಾಡುವವನು ಓದುಬರಹ ಇಲ್ಲದವನು ಅಂದುಕೊಂಡಿರಾ? ಕನಕಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು ನಾನು. ಶೆಲ್ಲನ್ನು ಕಚ್ಚಬಾರದೆಂದು ಮಕ್ಕಳ ಕಿವಿ ಹಿಂಡಿದವನೂ ನಾನೇ.

ನಮ್ಮ ಕಡೆ ಬ್ಯಾಟ್ರಿ ಎಂದರೆ ಟಾರ್ಚು. ಅದರ ಹೊಟ್ಟೆಯಲ್ಲಿರುವುದು ಶೆಲ್ಲು. ಶೆಲ್ಲಿನ ಗುಟ್ಟು ದೊಡ್ಡದೇನಲ್ಲ. ಸ್ವಭಾವ ಬೇರೆ ಬೇರೆಯಾದ ಎರಡು ವಸ್ತು, ನಡುವೆ ಒಂದಿಷ್ಟು ಒದ್ದೆ. ನಿಂಬೆಹಣ್ಣಿಗೆ ಒಂದು ಕಡೆ ತಾಮ್ರದ ತಂತಿ, ಇನ್ನೊಂದು ಕಡೆ ಸತುವಿನ ಚೂರು ಚುಚ್ಚಿದರೆ ಅದೂ ಶೆಲ್ಲೇ. ಸತುವಿಗೆ ತನ್ನ ಎಲೆಕ್ಟ್ರಾನುಗಳನ್ನು ಯಾರಿಗಾದರೂ ದಾಟಿಸಿಬಿಡುವ ಆತುರ. ಒಳಗಿನ ಒದ್ದೆಯಲ್ಲಿ ಅವಕ್ಕೆ ದಾರಿಯಿಲ್ಲ, ಹೊರಗಿನ ತಂತಿ ಹಿಡಿದು ಸುತ್ತಿಕೊಂಡೇ ಹೋಗಬೇಕು. ಹೋಗುವಾಗ ನಾವು ಅವುಗಳ ಕೈಲಿ ಕೆಲಸ ಮಾಡಿಸಿಕೊಳ್ಳುತ್ತೇವೆ. ಸಾತನೂರಿಂದ ಚನ್ನಪಟ್ಟಣದ ಬಸ್ಸು ಹತ್ತಿದವನಿಗೆ "ಹೆಂಗೂ ಹೋಯ್ತಿದ್ದೀಯಲ್ಲ, ಈ ಚೀಲ ನಮ್ ಭಾವನ್ ಮನೇಗೆ ಕೊಟ್ಬುಡು" ಎಂದು ಕಿಟಕಿಯಿಂದ ತೂರಿಸುವುದಿಲ್ಲವೇ, ಹಾಗೆ. ಗಡಿಯಾರದ ಮುಳ್ಳು ತಿರುಗುವುದು, ಟಾರ್ಚು ಉರಿಯುವುದು ಎಲ್ಲ ಈ ದಾರಿಹೋಕರ ಉಪಕಾರ. ಮೊಬೈಲಿನಲ್ಲಾದರೆ ಚಾರ್ಜರು ಅವನ್ನು ಹಿಂದಕ್ಕೆ ನೂಕಿ ಹೊರಟಲ್ಲಿಗೇ ತಂದು ಕೂರಿಸುತ್ತದೆ, ಮಾರನೆಯ ದಿನ ಮತ್ತೆ ಅದೇ ಪ್ರಯಾಣ.

ಹಿಂದೆ ಇಟಲಿಯಲ್ಲೊಬ್ಬ ಎರಡು ಲೋಹ ಮುಟ್ಟಿಸಿದಾಗ ಸತ್ತ ಕಪ್ಪೆಯ ಕಾಲು ಒದ್ದುಕೊಂಡಿತಂತೆ. ಶಕ್ತಿಯೆಲ್ಲ ಕಪ್ಪೆಯದು ಎಂದ ಆತ. ಅಲ್ಲ, ಲೋಹದ್ದು ಎಂದ ಇನ್ನೊಬ್ಬ. ಆ ಜಗಳದಲ್ಲಿ ಶೆಲ್ಲು ಹುಟ್ಟಿತು. ನಾನು ಈ ಕತೆ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವರು ಪ್ರಯೋಗದ ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಮುಗಿಸಿರುತ್ತಿದ್ದರು. ಇಷ್ಟೆಲ್ಲ ಬಲ್ಲ ನನಗೆ ಈಚೆಗೆ ಅಂಗಿಯ ಗುಂಡಿಗಿಂತ ಚಿಕ್ಕ ಶೆಲ್ಲೊಂದು ಮಣ್ಣು ಮುಕ್ಕಿಸಿತು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನಮ್ಮವ್ವನಿಗೆ ಎಂಬತ್ತು ದಾಟಿದೆ. ಸಾತನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳಷ್ಟು ರೇಷ್ಮೆಹುಳು ಸಾಕಿದವರಿಲ್ಲ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಹುಳದ ಮನೆಯ ತುಂಬ ಸೋನೆಮಳೆಯ ಹಾಗೆ ಕೇಳುತ್ತದೆ. ಅವ್ವ ಕಣ್ಣಿಗಿಂತ ಆ ಸದ್ದನ್ನು ನಂಬಿದವಳು. ಸದ್ದು ತುಂಬಿದ್ದರೆ ಬೆಳೆ ಚೆನ್ನ. ಸಣ್ಣಗಾದರೆ ಸೊಪ್ಪು ಸರಿಯಿಲ್ಲ, ಇಲ್ಲವೇ ಹುಳುವಿಗೆ ರೋಗ. ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತ ಬಂದು ಆ ಸದ್ದು ಪೂರ್ತಿ ನಿಂತುಹೋಯಿತು. ಈ ಸಲ ಮರಿಹುಳು ಕೊಂಡು ತಂದ ದಿನವೇ ಹೇಳಿಬಿಟ್ಟಳು: "ಇದೇ ಕಡೇ ಬೆಳೆ ಕಣಪ್ಪ. ಸದ್ದು ಕೇಳ್ದೆ ಹುಳ ಸಾಕೋದು ಕಣ್ ಕಟ್ಕಂಡು ಮುದ್ದೆ ತೊಳ್ಸ್ದಂಗೆ." ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ವಾರವೇ ರಾಮನಗರಕ್ಕೆ ಕರೆದುಕೊಂಡು ಹೋಗಿ ಕಿವಿಯ ಮಿಷಿನ್ನು ಕೊಡಿಸಿದೆ. ಅಂಗಡಿಯಲ್ಲಿ ಅವರದೇ ಶೆಲ್ಲು ಹಾಕಿ ನೋಡಿದಾಗ ಅವ್ವ ರಸ್ತೆಯ ಬಸ್ಸಿನ ಹಾರನ್ನಿಗೆ ಬೆಚ್ಚಿಬಿದ್ದು ನಕ್ಕಳು. ಅಂಗಡಿಯ ಹುಡುಗಿ ಆರು ಹೊಸ ಶೆಲ್ಲುಗಳ ಪೊಟ್ಟಣ ಹಿಡಿದು, "ಸರ್, ಈ ಸ್ಟಿಕ್ಕರ್ ತೆಗೆದ ಮೇಲೆ..." ಎಂದು ಶುರುಮಾಡಿದಳು. "ಗೊತ್ತಮ್ಮಾ, ನಾನು ಸೈನ್ಸ್ ಮೇಷ್ಟ್ರು" ಎಂದೆ. ಪಾಪ, ಪೊಟ್ಟಣವನ್ನು ಚೀಲಕ್ಕೆ ಹಾಕಿ ಬಿಲ್ಲು ಬರೆಯತೊಡಗಿದಳು.

ಮನೆಗೆ ಬಂದು ಸ್ಟಿಕ್ಕರ್ ಕಿತ್ತು ನೋಡುತ್ತೇನೆ, ಶೆಲ್ಲಿನ ಬೆನ್ನಲ್ಲಿ ತೂತುಗಳು! ತೂತಿರುವ ಶೆಲ್ಲು ಸೋರದೆ ಇರುತ್ತದೆಯೇ? ಸೋರಿದ ಶೆಲ್ಲುಗಳು ನನ್ನ ಎಷ್ಟು ಟಾರ್ಚುಗಳಿಗೆ ಕಿಲುಬು ಹಿಡಿಸಿಲ್ಲ! ಟೇಪು ತಂದು ದುಂಡಗೆ ಕತ್ತರಿಸಿ, ತೂತು ಮುಚ್ಚಿ, ಮಿಷಿನ್ನಿಗೆ ಹಾಕಿದೆ. ನೋಡಿದವರು ಮೆಚ್ಚಬೇಕು, ಅಂಥ ನಾಜೂಕು ಕೆಲಸ. ಮಿಷಿನ್ನು ಟುಣ್ ಎಂದಿತು, ಅವ್ವನಿಗೆ ಕಾಗೆ ಕೂಗಿದ್ದು ಕೇಳಿಸಿತು. ಅವಳು ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಮಿಷಿನ್ನಿಗೆ ಜೀವವಿಲ್ಲ. ಎರಡನೆಯ ಶೆಲ್ಲಿಗೂ ಅದೇ ಉಪಚಾರ, ಅದೇ ಗತಿ. ಹೀಗೆ ಎರಡು ದಿನದಲ್ಲಿ ಆರೂ ಹೋದವು. ಅತ್ತ ಹುಳುಗಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮುಕ್ಕುತ್ತಿದ್ದವು; ಇನ್ನೊಂದು ವಾರಕ್ಕೆ ಅವು ಗೂಡು ಕಟ್ಟಿದರೆ ಮುಗಿಯಿತು. ಅವ್ವ ಮಿಷಿನ್ನು ತೆಗೆದು ಕಿಟಕಿಯಲ್ಲಿಟ್ಟು, "ಬುಡು ಮಗ, ನನ್ ಕಿವಿ ಪಡ್ಕೊಂಡು ಬಂದಿದ್ದೇ ಇಷ್ಟು" ಎಂದಳು.

ಮಾರನೆಯ ಬೆಳಿಗ್ಗೆ ನಾನು ರಾಮನಗರಕ್ಕೆ ಜಗಳಕ್ಕೆ ಹೊರಟೆ. ಅಂಗಡಿಯವರಿಗೆ ಮಾಡಬೇಕಾದ ಭಾಷಣ ಬಾಯಿಪಾಠವಾಗಿತ್ತು. ಸಾಕ್ಷಿಗೆ ಆರು ಶೆಲ್ಲುಗಳನ್ನು ತಟ್ಟೆಯಲ್ಲಿ ಹರಡಿಕೊಂಡಿದ್ದೆ. ಅವ್ವ ಒಂದನ್ನೆತ್ತಿ ಬಿಸಿಲಿಗೆ ಹಿಡಿದಳು. ಸಾಸಿವೆಯಷ್ಟು ಮೊಟ್ಟೆಯಿಂದ ಹುಳು ಹೊರಡುವುದನ್ನು ನೋಡಿ ಪಳಗಿದ ಕಣ್ಣು ಅದು.

"ಇದ್ಯಾಕ್ಲಾ ಇದ್ಕೆ ಟೇಪ್ ಹಾಕಿದ್ದೀಯ?"

"ತೂತು! ತೂತೈತೆ!" ಎಂದು ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿತು.

ಅವ್ವ ಉಗುರಿನಿಂದ ಟೇಪು ಕಿತ್ತಳು. "ತೂತು ಒಂದಲ್ಲ, ನಾಕವೆ. ಸಮಾಗಿ ಸಾಲಾಗಿ ಅವೆ. ತಪ್ಪಿ ಆದ ತೂತು ಇಷ್ಟು ಚಂದಾಗಿರ್ತದೇನ್ಲಾ? ಬೇಕು ಅಂತ್ಲೇ ಮಡಗವ್ರೆ. ಮರಿಹುಳದ ತಟ್ಟೆಗೆ ಮೇಣದ ಕಾಗ್ದ ಮುಚ್ಚಿರ್ತೀವಲ್ಲ, ಸೊಪ್ಪು ಹಾಕೋಕ್ ಮುಂಚೆ ಯಾಕ್ ತೆಗ್ದು ಬುಡ್ತೀವಿ? ಗಾಳಿ ಆಡ್ಲಿ ಅಂತ. ಇದೂ ಉಸ್ರಾಡೋ ವಸ್ತುವೇ ಇರ್ಬೇಕು. ನೀನು ಮೂಗು ಹಿಡ್ದು ಸಾಯಿಸಿದ್ದೀಯ."

ಅಯ್ಯೋ ನನ್ನ ಬುದ್ಧಿಗಿಷ್ಟು! ಪೊಟ್ಟಣದ ಬೆನ್ನಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ಅದೇ ಬರೆದಿತ್ತು. ಈ ಶೆಲ್ಲಿನೊಳಗೆ ಸತು ಮಾತ್ರ ಇರುತ್ತದೆ. ಅದರ ಜೊತೆಗಾರ ಹೊರಗಿನ ಗಾಳಿ. ಇಬ್ಬರಲ್ಲಿ ಒಬ್ಬರನ್ನು ಹೊರಗೇ ಬಿಟ್ಟಿದ್ದರಿಂದ ಅದು ಅಷ್ಟು ಪುಟ್ಟದಾಗಿರಲು ಸಾಧ್ಯ. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಹಾಗೇ ಬಿಟ್ಟು, ಗಾಳಿ ಕುಡಿದ ಮೇಲೆ ಹಾಕಬೇಕು. ಆ ಹುಡುಗಿ ಹೇಳಹೊರಟಿದ್ದೂ ಇದನ್ನೇ ಇರಬೇಕು. ಅವ್ವ ಆರೂ ಶೆಲ್ಲುಗಳ ಟೇಪು ಬಿಚ್ಚಿ ತಟ್ಟೆಯಲ್ಲಿ ಬೋರಲು ಬೀಳದಂತೆ ಜೋಡಿಸಿ, "ಒಸಿ ಸುಧಾರಿಸ್ಕಳ್ಳಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ, ಟುಣ್! ಎರಡನೆಯದು, ಟುಣ್! ನಾನು ತಿಥಿ ಮಾಡಿದ್ದ ಆರಕ್ಕೆ ಆರೂ ಎದ್ದು ಕೂತವು. ನಾನು ಕುಣಿಯುವುದೊಂದು ಬಾಕಿ. ಸುಧಾ ನನ್ನ ಜಗಳದ ಚೀಲವನ್ನು ಮೆಲ್ಲಗೆ ಒಳಗಿಟ್ಟಳು.

ಅವ್ವ ಕಾಲು ತೊಳೆದು ನೆಟ್ಟಗೆ ಹುಳದ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿದಳು. ನಾನು ಏನೋ ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದಳು. ಆಮೇಲೆ, "ತಿಂತಾವೆ ಕಣ್ಲಾ! ನನ್ನಪ್ಪಂದಿರು, ಎಂಗ್ ತಿಂತಾವೆ ನೋಡು!" ಎಂದು ಕೂಗಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಮುಖ ಪೂರ್ತಿ ನಗುತ್ತಿತ್ತು. ನಾನೂ ಅತ್ತೆ, ಮುಚ್ಚಿಟ್ಟು ಏನು ಪ್ರಯೋಜನ.

ಆ ಸಂತೋಷ ನನ್ನ ಪಾಲಿಗೆ ಬಹಳ ಹೊತ್ತು ಇರಲಿಲ್ಲ. ಅವ್ವ ಹುಳು ಮೇಯುವ ಒಂದೊಂದೇ ಸ್ಟ್ಯಾಂಡಿನ ಮುಂದೆ ಕಿವಿಯೊಡ್ಡುತ್ತ ನಡೆದು ಮೂಲೆಯಲ್ಲಿ ನಿಂತಳು. "ಇಲ್ಲಿ ಸದ್ದು ಸಣ್ಣಗೈತೆ. ಬಾಡಿದ್ ಸೊಪ್ಪು ಹಾಕೋರು ಯಾರು?" ಸುಧಾ ನನ್ನ ಕಡೆ ನೋಡಿದಳು. ಹಿಂದಿನ ದಿನ ಉಳಿದಿದ್ದ ಸೊಪ್ಪನ್ನು ಅಲ್ಲಿ ಹರಡಿ ಕೈತೊಳೆದುಕೊಂಡವನು ನಾನೇ. ಓಡಿಹೋಗಿ ಹಸಿ ಸೊಪ್ಪು ಕೊಯ್ದು ತಂದು ಹಾಕಿದೆ. ಕಾಲು ಗಂಟೆಯಲ್ಲಿ ಆ ಮೂಲೆಯೂ ಸದ್ದು ಮಾಡಿತು. ಅವ್ವ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಮರಿಹುಳದೋರಿಗೆ ಪೋನ್ ಮಾಡು. ಮುಂದ್ಲ ಬೆಳೆಗೂ ನಮ್ಗೆ ಹುಳ ಮಡಗ್ರಿ ಅನ್ನು."

ಬೆಳೆ ಬಂತು. ಗೂಡು ಎಷ್ಟು ಚೆನ್ನಾಗಿತ್ತೆಂದು ಕೇಳಿದವರಿಗೆಲ್ಲ ಅವ್ವ ಒಂದೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸುತ್ತಿದ್ದಳು. ಈಗ ಶೆಲ್ಲು ಬದಲಿಸುವ ಅಧಿಕಾರವೂ ಅವಳದೇ. ನನ್ನ ಕೈಗೆ ಕೊಡುವುದಿಲ್ಲ. ಮಿಷಿನ್ನಿನ ಇನ್ನೊಂದು ಉಪಯೋಗವನ್ನೂ ತಾನೇ ಕಂಡುಹಿಡಿದಿದ್ದಾಳೆ. ಊಟಕ್ಕೆ ಕೂತಾಗ ನಾನು ಸತು, ಎಲೆಕ್ಟ್ರಾನು, ಇಟಲಿಯ ಕಪ್ಪೆ ಎಂದು ಶುರುಮಾಡಿದರೆ ಅವಳ ಕೈ ಮೆಲ್ಲಗೆ ಕಿವಿಯ ಹಿಂದೆ ಹೋಗುತ್ತದೆ. ಶೆಲ್ಲಿನ ಪುಟ್ಟ ಬಾಗಿಲನ್ನು ತೆರೆದಿಡುತ್ತಾಳೆ, ಮಿಷಿನ್ನು ಬಂದ್. ಏನವ್ವಾ ಎಂದು ಕೈಯಾಡಿಸಿದರೆ, "ಪಾಪ, ಅದೂ ಒಸಿ ಉಸ್ರಾಡ್ಲಿ" ಎನ್ನುತ್ತಾಳೆ.