ಮಂಗಳವಾರದ ಊಟ

ಉಡಚಮ್ಮನಿಗೆ ಮೊದಲ ಸಲ ನರ್ಸಿಂಗ್ ಸೀಟು ತಪ್ಪಿದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ತೂಕ ಕಡಿಮೆಯಾಗಿ. ಕೇಳಿದವರು ನಗುತ್ತಿದ್ದರು. ನಗುವ ಮಾತೇನೂ ಅಲ್ಲ ಅದು. ಸೊಕ್ಕೆ ಎಂಬ ಹಳ್ಳಿಯಿಂದ ದಿನಾ ಜಗಳೂರಿಗೆ ಹೋಗಿ ಬಂದು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ಹುಡುಗಿ. ೧೯೭೮ರ ಬೇಸಿಗೆಯಲ್ಲಿ ಚಿತ್ರದುರ್ಗದ ಇಂಟರ್‌ವ್ಯೂಗೆ ಹೋದಾಗ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದ್ದಳು. ಅದು ಮುಗಿದ ಮೇಲೆ ಮೈ ಪರೀಕ್ಷೆ. ಡಾಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಮುಳ್ಳು ನೋಡಿದರು, ಮುಖ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಇಷ್ಟೊಂದು ಬಿಳಿಚಿಕೊಂಡಿದ್ದೀಯಲ್ಲಮ್ಮ, ಮನೇಲಿ ಊಟ ಮಾಡಲ್ವಾ? ರೋಗೀನ ಎತ್ತಿ ಕೂರಿಸೋಕೆ ನಿನ್ನ ಮೈಯಲ್ಲಿ ಶಕ್ತಿ ಎಲ್ಲಿದೆ? ಚೆನ್ನಾಗಿ ಉಂಡು ಮುಂದಿನ ವರ್ಷ ಬಾ" ಎಂದು ಕಳಿಸಿಬಿಟ್ಟರು.

ಮನೆಯಲ್ಲಿ ಊಟಕ್ಕೆ ಇರಲಿಲ್ಲವೇ ಎಂದರೆ, ಇತ್ತು. ಅಪ್ಪ ಮೂಕಪ್ಪನ ತುಂಡು ಹೊಲದಲ್ಲಿ ಜೋಳ, ನವಣೆ, ಒಂದಿಷ್ಟು ಶೇಂಗಾ ಬೆಳೆಯುತ್ತಿತ್ತು. ಉಳಿದ ದಿನಗಳಲ್ಲಿ ಕೂಲಿ ಇತ್ತು. ಹೊಟ್ಟೆಗೆ ಮೋಸವಿರಲಿಲ್ಲ. ಅಡ್ಡ ಬಂದದ್ದು ಅವ್ವ ಚೌಡಮ್ಮನ ಹರಕೆ. ಮಗಳಿಗೆ ಸೀಟು ಸಿಗುವ ತನಕ ಮಂಗಳವಾರ, ಶುಕ್ರವಾರ ಅವಳ ಕೈಲಿ ಒಪ್ಪತ್ತು ಮಾಡಿಸುತ್ತೇನೆ, ಒಂದೇ ಹೊತ್ತು ಉಣ್ಣಿಸುತ್ತೇನೆ ಎಂದು ಆಕೆ ದೇವಿ ಉಚ್ಚಂಗಮ್ಮನಿಗೆ ಹೇಳಿಕೊಂಡಿದ್ದಳು. ಇಂಟರ್‌ವ್ಯೂ ಹತ್ತಿರ ಬಂದಹಾಗೆ ವಾರದ ಉಳಿದ ದಿನಗಳೂ ಆ ಲೆಕ್ಕಕ್ಕೆ ಸೇರಿಕೊಂಡವು. ಸೀಟಿಗಾಗಿ ಉಪವಾಸ ಹಿಡಿದು ಉಪವಾಸದಿಂದಲೇ ಸೀಟು ಕಳೆದುಕೊಂಡು ಬಂದರಲ್ಲ ತಾಯಿ ಮಗಳು, ಇದಕ್ಕೆ ಯಾರನ್ನು ಬೈಯುವುದು?

ಚೌಡಮ್ಮ ಕಲ್ಲೆದೆಯವಳೇನೂ ಅಲ್ಲ. ಉಡಚಿಗಿಂತ ಮುಂಚೆ ಹುಟ್ಟಿದ ಎರಡು ಹೆಣ್ಣು ಕೂಸುಗಳನ್ನು ಮಣ್ಣಿಗಿಟ್ಟು ಬಂದವಳು. ಇವಳಿಗೂ ಎಳವೆಯಲ್ಲಿ ಜ್ವರ ಬಂದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡಾಗ ಉಚ್ಚಂಗಮ್ಮನಿಗೆ ಅಡ್ಡಬಿದ್ದು ಉಳಿಸಿಕೊಂಡಿದ್ದಳು. ಅಂಥವಳಿಗೆ ದೇವಿಗಿಂತ ದೊಡ್ಡ ಡಾಕ್ಟರು ಯಾರಿದ್ದಾರು! ಮಗಳೊಬ್ಬಳನ್ನೇ ಹಸಿದಿರಲು ಬಿಟ್ಟವಳೂ ಅಲ್ಲ. ಅವಳು ಒಪ್ಪತ್ತು ಇದ್ದ ದಿನ ತಾನು ಹನಿ ನೀರಿನಲ್ಲೇ ಕಳೆಯುತ್ತಿದ್ದಳು.

ದುರ್ಗದಿಂದ ಬಂದ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. "ನಿಜ ಹೇಳು ಉಡಚಿ. ಒಪ್ಪತ್ತಿನ ದಿನ ಬಾಯಾಗೆ ಏನಾರ ಹಾಕ್ಕಂಡಿದ್ದೇನು?"

"ಒಂದಿನ ಬಸ್ಸಿನಾಗೆ ಗೆಳತಿ ಒಂದು ಹಿಡಿ ಹುರಿಗಡ್ಲೆ ಕೊಟ್ಟಿದ್ಲವ್ವ. ಮರೆತು ತಿಂದೆ."

"ಅದಕ್ಕೇ ಮತ್ತೆ!" ಚೌಡಮ್ಮ ಹಣೆ ಬಡಿದುಕೊಂಡಳು. "ಸಿಟ್ಟಾಗದೆ ಇನ್ನೇನು ಮಾಡ್ತಾಳೆ ತಾಯಿ? ಈ ವರ್ಷ ಒಪ್ಪತ್ತೂ ಇಲ್ಲ. ವಾರದ ಎರಡು ದಿನ ನೀರು ಬಿಟ್ರೆ ಏನೂ ಮುಟ್ಟಂಗಿಲ್ಲ."

"ಡಾಕ್ಟರಮ್ಮ ಉಣ್ಣು ಅಂದ್ರವ್ವ."

"ಡಾಕ್ಟರಮ್ಮಗೆ ಏನು ಗೊತ್ತೈತೆ ನಮ್ಮ ತಾಯಿ ವಿಚಾರ?"

ಮೂಕಪ್ಪ ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡ. "ಇದೊಂದು ಸಲ ನೋಡಾನ. ಈ ಸಲಾನೂ ಆಗಲಿಲ್ಲ ಅಂದ್ರೆ ಓದಿನ ಮಾತು ಎತ್ತಬ್ಯಾಡ, ನಮ್ಮ ಜತಿಗೆ ಕೂಲಿಗೆ ನಡಿ" ಎಂದ. ಕಡ್ಡಿ ಮುರಿದಂತೆ ಹೇಳಿದ ಮಾತು. ಉಡಚಮ್ಮನಿಗೆ ಉಳಿದದ್ದು ಆ ಒಂದೇ ಒಂದು ವರ್ಷ.

ಆಗ ಸೊಕ್ಕೆಯ ಆರೋಗ್ಯ ಉಪಕೇಂದ್ರದಲ್ಲಿ ಕಸ್ತೂರಮ್ಮ ಎಂಬ ನರ್ಸಮ್ಮ ಇದ್ದರು. ಸಂತೇಬೆನ್ನೂರು ಕಡೆಯವರು, ಒಂಟಿ ಜೀವ, ಅಲ್ಲೇ ವಾಸ, ಮಾತು ಖಾರ. ಹುಡುಗಿಯ ಕಥೆ ಕೇಳಿ, "ದಿನಾ ಮಧ್ಯಾಹ್ನ ಬಾ. ಇಂಗ್ಲಿಷೂ ಹೇಳಿಕೊಡ್ತೀನಿ, ಇಂಟರ್‌ವ್ಯೂನಾಗೆ ಹೆಂಗೆ ನಿಲ್ಲಬೇಕು ಅಂತಾನೂ ಹೇಳಿಕೊಡ್ತೀನಿ" ಎಂದರು. ಮೊದಲ ಮಂಗಳವಾರ ಪುಸ್ತಕ ತೆಗೆಯುವ ಮುಂಚೆ ತಟ್ಟೆ ತಂದಿಟ್ಟರು. ಮುದ್ದೆ, ಹುರುಳಿಕಾಳು ಸಾರು, ಬೇಯಿಸಿದ ಮೊಟ್ಟೆ.

"ಇವತ್ತು ನನ್ನದು ಉಪವಾಸ ಐತ್ರಿ ಅಕ್ಕಾರೆ."

"ಖಾಲಿ ಹೊಟ್ಟೆಯೋಳಿಗೆ ನಾನು ಪಾಠ ಹೇಳಲ್ಲ. ನರ್ಸ್ ಆಗಬೇಕು ಅಂದ್ರೆ ಉಣ್ಣು. ಇಲ್ಲ ಅಂದ್ರೆ ಎದ್ದು ಮನೆಗೆ ಹೋಗು."

ಉಡಚಮ್ಮ ಎದ್ದು ಬಾಗಿಲ ತನಕ ಹೋದಳು. ಅಪ್ಪನ ಮಾತು ನೆನಪಾಗಿ ಅಲ್ಲೇ ನಿಂತಳು. ತಿರುಗಿ ಬಂದು ಕೂತಳು. ಅಳುತ್ತಲೇ ಉಂಡಳು. ಉಂಡಾದ ಮೇಲೆ ಸಾರಿನ ವಾಸನೆ ಹೋಗಲೆಂದು ಸೋಪು ಹಚ್ಚಿ ಕೈ ತೊಳೆದಳು. ಸಂಜೆ ಮನೆಯಲ್ಲಿ, ದಿನವಿಡೀ ಏನೂ ಮುಟ್ಟದೆ ಸೊರಗಿ ಕೂತ ಅವ್ವನ ಪಕ್ಕದಲ್ಲಿ ತಾನೂ ಹಸಿದವಳಂತೆ ಮುಖ ಬಾಡಿಸಿಕೊಂಡು ಕೂತಳು. ನಾಚಿಕೆಯಿಂದ ಸಾಯುವ ಹಾಗಾಯಿತು. ಆದರೂ ಶುಕ್ರವಾರ ಹೋಗಿ ಮತ್ತೆ ಉಂಡಳು. ಆಮೇಲಾಮೇಲೆ ಅಳು ಬರುವುದೂ ನಿಂತಿತು.

ದೀಪಾವಳಿ ಹೊತ್ತಿಗೆ ಹುಡುಗಿಯ ಕೆನ್ನೆ ತುಂಬಿತು, ಹಳೇ ರವಿಕೆ ಬಿಗಿಯಾಯಿತು. ಚೌಡಮ್ಮನ ಸಂಭ್ರಮ ನೋಡಬೇಕಿತ್ತು! ಕಂಡಕಂಡವರನ್ನು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. "ನೋಡ್ರೇ, ಬರೀ ನೀರು ಕುಡ್ದು ಇದ್ದ ಹುಡುಗಿ ಹೆಂಗೆ ಮೈಕೈ ತುಂಬ್ಕಂಡೈತೆ! ತಾಯಿ ಕೈ ಹಿಡಿದ್ರೆ ಹಿಂಗೇ." ಉಡಚಮ್ಮ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಇನ್ನು ಕೆಲವು ತಿಂಗಳು ಹೀಗೇ ಸಾಗಿಬಿಡಲಿ, ಸೀಟು ಸಿಕ್ಕ ಮೇಲೆ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಿದ್ದಳು.

ಸಾಗಲಿಲ್ಲ. ಅದೇ ಮನೆಯಲ್ಲಿದ್ದ ಉಡಚಮ್ಮನ ಅಣ್ಣನ ಹೆಂಡತಿ ಅಂತರಘಟ್ಟಮ್ಮ ಚನ್ನಗಿರಿ ಕಡೆಯಿಂದ ಬಂದ ಸೊಸೆ, ಬಡಕಲು ಮೈ. ಹಿಂದೊಮ್ಮೆ ಬಸಿರು ಇಳಿದುಹೋಗಿತ್ತು. ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಮತ್ತೆ ಬಸುರಿ. ಸೊಸೆಯ ಹೊಟ್ಟೆ ನಿಲ್ಲಬೇಕು, ಅವಳ ಮೈಯೂ ತುಂಬಿಕೊಳ್ಳಬೇಕು ಎಂದು ಚೌಡಮ್ಮ ಕಂಡುಕೊಂಡ ಮದ್ದು ಯಾವುದು ಗೊತ್ತೇ? ಅದೇ ಉಪವಾಸ. "ಉಡಚಿಗೆ ಕೊಟ್ಟ ತಾಯಿ ನಿನಗೆ ಕೊಡಲ್ವಾ?" ಎಂದಳು. ಅತ್ತೆಯ ಮಾತಿಗೆ ಎದುರಾಡದ ಹೆಣ್ಣು ಅದು. ಹೂಂ ಅಂದಿತು.

ಕಸ್ತೂರಮ್ಮನಿಗೆ ಸುದ್ದಿ ಮುಟ್ಟಿದ್ದೇ ತಡ, ಮನೆಗೇ ಬಂದರು. "ಬಸುರಿ ಹೆಂಗಸನ್ನ ಹಿಂಗೆ ಉಪವಾಸ ಕೆಡವಿದ್ರೆ ಕೂಸೂ ಉಳಿಯಲ್ಲ, ತಾಯಿನೂ ಉಳಿಯಲ್ಲ" ಎಂದು ಜೋರು ಮಾಡಿದರು.

ಚೌಡಮ್ಮ ಅಲುಗಲಿಲ್ಲ. "ನಮ್ಮ ಉಡಚಿನೇ ಸಾಕ್ಷಿ ಐತಲ್ರೀ ಮನ್ಯಾಗೆ. ಅವಳಿಗೆ ಏನು ಕಡಿಮೆ ಆಗೈತೆ ಹೇಳ್ರಿ?"

ಕಸ್ತೂರಮ್ಮ ಬಾಯಿ ತೆರೆದವರು ಉಡಚಮ್ಮನ ಮುಖ ನೋಡಿದರು, ಚಪ್ಪಲಿ ಮೆಟ್ಟಿ ಹೊರಟುಹೋದರು. ಗುಟ್ಟು ಹುಡುಗಿಯದು, ಅವಳೇ ಹೇಳಬೇಕು. ಹೇಳಿದರೆ ಹರಕೆ ಕೆಟ್ಟಿತೆಂದು ಅವ್ವ ದುರ್ಗಕ್ಕೆ ಕಳಿಸುವುದಿಲ್ಲ. ಇಂಟರ್‌ವ್ಯೂ ಕಾಗದ ಬಂದಾಗಿತ್ತು. ಇನ್ನು ಸ್ವಲ್ಪ ದಿನ, ಸ್ವಲ್ಪವೇ ದಿನ ಎಂದು ಉಡಚಮ್ಮ ಬಾಯಿ ಕಟ್ಟಿಕೊಂಡಳು. ಹೌದು, ಅತ್ತಿಗೆಯ ಕಾಲು ಬಾತದ್ದು ಕಂಡೂ ಕಟ್ಟಿಕೊಂಡಳು.

ದುರ್ಗಕ್ಕೆ ಹೊರಡಲು ಕೆಲವೇ ದಿನ ಇದ್ದಾಗ, ಒಂದು ಮಂಗಳವಾರ ಅಂತರಘಟ್ಟಮ್ಮ ನೀರಿನ ಕೊಡ ಇಳಿಸಲು ಬಗ್ಗಿದವಳು ಹಾಗೇ ನೆಲಕ್ಕೆ ಕುಸಿದಳು. ಕೊಡ ಉರುಳಿ ನಡುಮನೆಯೆಲ್ಲ ನೀರಾಯಿತು. ಚೌಡಮ್ಮ ಓಡಿ ಬಂದು ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡಳು. "ಏನೂ ಆಗಲ್ಲ, ತಾಯಿ ಹೆಸರು ಹೇಳು. ಹೊತ್ತು ಮುಳುಗಾಕೆ ಇನ್ನೆಷ್ಟು ಹೊತ್ತು ಐತೆ, ತಡ್ಕ" ಎಂದಳು. ಉಡಚಮ್ಮ ಅತ್ತಿಗೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಅಲ್ಲಿ ರಕ್ತವೇ ಇರಲಿಲ್ಲ.

"ಅವ್ವಾ, ನಾನು ಉಂಡೀನಿ."

"ಏನಂದೆ?"

"ವರ್ಷವೆಲ್ಲ ಉಂಡೀನಿ. ಮಂಗಳವಾರ, ಶುಕ್ರವಾರ, ಒಂದೂ ಬಿಟ್ಟಿಲ್ಲ. ನರ್ಸಮ್ಮನ ಮನ್ಯಾಗೆ. ಇದು ಉಪವಾಸದಿಂದ ಬಂದ ಮೈಯಲ್ಲವ್ವ, ಮುದ್ದೆ ಮೊಟ್ಟೆ ತಿಂದು ಬಂದಿದ್ದು. ನಿನ್ನ ಕಾಲಿಗೆ ಬೀಳ್ತೀನಿ, ಅತ್ತಿಗೆಗೆ ಉಣ್ಣಾಕೆ ಹಾಕು."

ಚೌಡಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಒಳಗೆ ಹೋಗಿ ಬೆಲ್ಲದ ನೀರು ತಂದು ಸೊಸೆಗೆ ಕುಡಿಸಿದಳು. ರೊಟ್ಟಿಯನ್ನು ಹಾಲಲ್ಲಿ ಹಿಸುಕಿ ತುತ್ತು ತುತ್ತಾಗಿ ಬಾಯಿಗಿಟ್ಟಳು. ಅವಳ ಮುಖಕ್ಕೆ ಒಂಚೂರು ಕಳೆ ಬಂದ ಮೇಲೆ ಹೊಸ್ತಿಲ ಮೇಲೆ ಹೋಗಿ ಮಗಳಿಗೆ ಬೆನ್ನು ಹಾಕಿ ಕೂತಳು.

"ತಾಯಿ ಸಿಟ್ಟು ನಾನು ಹೆಂಗೋ ತಡ್ಕಂತಿದ್ದೆ" ಎಂದಳು. "ಹಸಿವಾಗೈತವ್ವ ಅಂತ ನನ್ನತ್ರ ಅನ್ನಾಕೆ ನಿನಗೆ ಬಾಯಿ ಬರಲಿಲ್ಲೇನೇ? ಹೆತ್ತೋಳು ಮನ್ಯಾಗೆ ಬದುಕಿದ್ದಾಗ್ಲೇ ಕಂಡೋರ ಮನ್ಯಾಗೆ ಕದ್ದು ಉಂಡ್ಯಲ್ಲೇ ಉಡಚಿ."

ಉಡಚಮ್ಮನಿಗೆ ಎದೆಗೆ ಒದ್ದ ಹಾಗಾಯಿತು. ದೇವಿಯ ಶಾಪಕ್ಕೆ, ಅವ್ವನ ಏಟಿಗೆ, ಸೀಟು ತಪ್ಪುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳೇ ಹೊರತು ಈ ಮಾತಿಗಲ್ಲ. ನಿಜ, ಅವಳು ಒಂದು ಸಲವೂ ಹಸಿವು ಎಂದು ಅವ್ವನ ಹತ್ತಿರ ಹೇಳಿರಲಿಲ್ಲ.

ಈ ವಿಷಯವನ್ನು ಚೌಡಮ್ಮ ಗಂಡನ ಕಿವಿಗೆ ಹಾಕಲಿಲ್ಲ. ಇಂಟರ್‌ವ್ಯೂಗೆ ಹೊರಟ ಬೆಳಿಗ್ಗೆ ಬಸ್ಸಿನ ಹತ್ತಿರ ಬಂದು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಗಳ ಮಡಿಲಿಗೆ ಹಾಕಿ, "ಎಲ್ಲಾರ ಮುಂದೆ ಬಿಚ್ಚಿ ತಿನ್ನು" ಎಂದಷ್ಟೇ ಹೇಳಿದಳು. ಈ ಸಲ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಸೀಟು ಸಿಕ್ಕಿತು. ಅಂತರಘಟ್ಟಮ್ಮನಿಗೆ ಹೆಣ್ಣು ಮಗುವಾಯಿತು, ಅಂಗೈಯಗಲದ್ದು. ಕಸ್ತೂರಮ್ಮ ಹಗಲೂ ರಾತ್ರಿ ನೋಡಿಕೊಂಡದ್ದಕ್ಕೆ ಬದುಕಿತು.

ಟ್ರೇನಿಂಗ್ ಮುಗಿಸಿದ ಉಡಚಮ್ಮ ಮೊದಲು ಹೊನ್ನಾಳಿಯಲ್ಲಿ, ಆಮೇಲೆ ನ್ಯಾಮತಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಉಪವಾಸವಿರುವ ಬಸುರಿಯರನ್ನು ಕಂಡರೆ ಸಾಕು, ಅತ್ತೆಯರನ್ನೂ ಸೇರಿಸಿ ತರಾಟೆಗೆ ತೆಗೆದುಕೊಂಡು ಕಣ್ಣೆದುರೇ ಉಣ್ಣಿಸಿ ಕಳಿಸುತ್ತಿದ್ದಳು. ನ್ಯಾಮತಿ ಕಡೆಯ ಹೆಂಗಸರು ಅವಳ ಬಾಯಿಗೆ ಹೆದರುತ್ತಿದ್ದರು.

ಅಂಥವಳ ಬಾಯಿ ಒಂದೇ ಕಡೆ ಕಟ್ಟಿತ್ತು. ಚೌಡಮ್ಮ ಉಪವಾಸ ನಿಲ್ಲಿಸಲೇ ಇಲ್ಲ. ಸೀಟು ಸಿಕ್ಕಾಯಿತಲ್ಲ, ಇನ್ನೇನು ಹರಕೆ ಎಂದು ಮಗಳು ಒಮ್ಮೆ ಕೇಳಿದ್ದಕ್ಕೆ, "ನೀನು ಉಂಡ ದಿನಗಳ್ನ ತಾಯಿಗೆ ಯಾರು ತುಂಬಿಕೊಡಬೇಕು? ನಾನೇ ಕೊಡ್ತೀನಿ" ಎಂದಿದ್ದಳು. ಆ ವರ್ಷದ ಲೆಕ್ಕ ಎಂದೋ ಮುಗಿದಿತ್ತು. ಆದರೂ ಬಿಡಲಿಲ್ಲ. ನ್ಯಾಮತಿಯ ಕ್ವಾರ್ಟರ್ಸಿಗೆ ಬಂದಾಗಲೂ ಬಿಡಲಿಲ್ಲ, ಮುದಿಯಾಗಿ ಮೂಳೆ ಚಕ್ಕಳ ಒಂದಾದಾಗಲೂ ಬಿಡಲಿಲ್ಲ.

ಮಂಗಳವಾರ ಮಧ್ಯಾಹ್ನ ಮಗಳು ಡ್ಯೂಟಿಯಿಂದ ಬರುವ ಹೊತ್ತಿಗೆ ಚೌಡಮ್ಮ ಬಿಸಿ ಅಡುಗೆ ಮಾಡಿ ಒಂದೇ ತಟ್ಟೆ ಹಾಕಿರುತ್ತಿದ್ದಳು. ತಾನು ಎದುರಿಗೆ ಕೂತು, "ಹಸಿವಾಗೈತಾ?" ಎಂದು ಕೇಳುತ್ತಿದ್ದಳು. "ಆಗೈತವ್ವ" ಎನ್ನುತ್ತಿದ್ದಳು ಉಡಚಮ್ಮ. ಹಸಿವಿದ್ದರೂ ಹಾಗೇ, ಇಲ್ಲದಿದ್ದರೂ ಹಾಗೇ. "ಹಂಗಾರೆ ಉಣ್ಣು" ಎಂದು ಅವ್ವ ಇನ್ನೊಂದು ಸೌಟು ಬಡಿಸುತ್ತಿದ್ದಳು. ಮಗಳು ತಟ್ಟೆ ಬರಿದು ಮಾಡುವ ತನಕ ಆ ಖಾಲಿ ಹೊಟ್ಟೆಯ ಮುದುಕಿ ಎದುರಿನಿಂದ ಏಳುತ್ತಿರಲಿಲ್ಲ.